ಹಡಗಿನ ಮೇಲಿಂದ ಬಿಟ್ಟ ಬಾಗಿನ

ಏಪ್ರಿಲ್ ೧೨, ಭಾನುವಾರ

ಪುಕ್ಕಟೆ ಕೊಡುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಇವರು ಟಿ. ನರಸೀಪುರದ ಅಂಗಡಿಗೆ ಮಧ್ಯಾಹ್ನವೇ ಬಾಗಿಲು ಎಳೆದು ನಂಜನಗೂಡಿಗೆ ಬಂದುಬಿಟ್ಟರು. ಕೈಯಲ್ಲಿ ಮೈಸೂರ್ ಪಾಕಿನ ಡಬ್ಬ. "ಆಶಾ, ಹಡಗಲ್ಲಿ ಓಗ್ತಾ ಇದೀವಿ ಕಣೇ! ಎಲ್ರೂವೆ!" ಅಂತ ಬಾಗಿಲಲ್ಲೇ ಕೂಗಿದರು. ಬೀದಿಗೆಲ್ಲ ಕೇಳಿಸಿರಬೇಕು.

ಇವರಿಗೆ ಮಾಲು ಕಳಿಸುವ ಪೈಪಿನ ಕಂಪನಿಯವರು, ಈ ವರ್ಷ ಹೆಚ್ಚು ಮಾರಿದ ಡೀಲರುಗಳನ್ನು ಹೆಂಡತಿ ಮಕ್ಕಳ ಸಮೇತ ಹಡಗಿನ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಚೆನ್ನೈಯಲ್ಲಿ ಹತ್ತಿಸಿ, ವಿಶಾಖಪಟ್ಟಣ ತೋರಿಸಿ, ಮತ್ತೆ ಚೆನ್ನೈಯಲ್ಲೇ ಇಳಿಸುವುದು. ಊಟ, ತಿಂಡಿ, ಈಜುಕೊಳ, ಆಟ ಎಲ್ಲ ಹಡಗಿನೊಳಗೇ. ಹಿಂದಿನ ಸಲ ಗಂಡಸರನ್ನು ಮಾತ್ರ ಬ್ಯಾಂಕಾಕಿಗೆ ಎತ್ತಿಕೊಂಡು ಹೋಗಿದ್ದರು. ಆಗ ಇಲ್ಲದ ಹೆಂಡತಿ ಮಕ್ಕಳ ಮೇಲಿನ ಅಕ್ಕರೆ ಈಗ ಎಲ್ಲಿಂದ ಉಕ್ಕಿತು? ಏನೋ ಇದೆ.

ದೀಪಕ್ ಸೋಫಾ ಮೇಲಿಂದ ನೆಗೆದ. ಹನ್ನೊಂದು ವರ್ಷದ ಹುಡುಗ, ನೆಗೆಯಲಿ. ಅವನು ನೆಗೆದನೆಂದು ಪಾಪುವೂ ನೆಗೆದಳು. ನಾಲ್ಕು ವರ್ಷದವಳಿಗೆ ಹಡಗೂ ಒಂದೇ, ಹಲಸಿನ ಹಣ್ಣೂ ಒಂದೇ. ದೊಡ್ಡವಳು ಮಾತ್ರ "ಎಷ್ಟು ದಿನ ಅಪ್ಪಾ?" ಅಂತ ಕೇಳಿ, ಫೋನು ತೆಗೆದುಕೊಂಡು ಮಹಡಿಗೆ ಹೋದಳು. ಹದಿನಾರು ವರ್ಷದ ಹುಡುಗಿ ಹಡಗು ಅಂದರೆ ನಗುವುದೂ ಇಲ್ಲವಲ್ಲ, ಯಾರಿಗೆ ಹೇಳಲು ಹೋದಳು?

ಏಪ್ರಿಲ್ ೧೬, ಗುರುವಾರ

ಗೊತ್ತಾಯಿತು. ಕವಲಂದೆಗೆ, ಅವಳ ಅಜ್ಜಿ ಮನೆಗೆ.

ನಾನು ಹಪ್ಪಳ ಒಣಗಿಸಲು ಮೇಲೆ ಹೋದೆ. ಕದ್ದು ಕೇಳಲು ಹೋಗಲಿಲ್ಲ, ಹಪ್ಪಳ ಇತ್ತು ಕೈಯಲ್ಲಿ. ಅವಳು ನೀರಿನ ಟ್ಯಾಂಕಿನ ಹಿಂದೆ ನಿಂತು ಅಜ್ಜಿಯ ಜೊತೆ ಮಾತಾಡುತ್ತಿದ್ದಳು. "ಈಗ್ಲೇ ಏನೂ ಹೇಳ್ಬೇಡ ಅಜ್ಜಿ. ಹಡಗಿಂದ ಬಂದ್ಮೇಲೆ ನಾನೇ ಹೇಳ್ತೀನಿ." ನನ್ನನ್ನು ನೋಡಿದ ತಕ್ಷಣ ಫೋನು ಇಟ್ಟಳು.

ಏನು ಹೇಳುವುದು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೋದ ತಿಂಗಳು ಅವಳ ಸೋದರಮಾವ ಬೆಟ್ಟಸ್ವಾಮಿ ನಮ್ಮ ನಡುಮನೆಯಲ್ಲಿ ಕೂತು, ನಾನು ಕೊಟ್ಟ ಕಾಫಿ ಕುಡಿಯುತ್ತಲೇ, "ಎಸ್ಸೆಸ್ಸೆಲ್ಸಿ ಮುಗೀತಲ್ಲವ್ವ, ಪಿಯುಸಿಗೆ ನಮ್ಮನೆಗೇ ಬಂದ್ಬುಡು, ರೈಲಲ್ಲಿ ಮೈಸೂರ್ಗೆ ಓಗ್ಬಂದ್ ಮಾಡ್ಬೋದು" ಅಂದಿದ್ದ. ನಂಜನಗೂಡಿಂದ ಮೈಸೂರಿಗೆ ರೈಲಿಲ್ಲವೇ? ಕವಲಂದೆಯಿಂದ ಬರುವ ರೈಲು ನಮ್ಮೂರ ಮೇಲೇ ತಾನೇ ಹೋಗುವುದು!

ಅವಳೂ ದೀಪಕ್ಕೂ ಇವರ ಮೊದಲನೇ ಹೆಂಡತಿಯ ಮಕ್ಕಳು. ಆಕೆ ತೀರಿಕೊಂಡ ಮೇಲೆ ನಾನು ಬಂದೆ. ಆಗ ಅವಳಿಗೆ ಹತ್ತು, ಇವನಿಗೆ ಐದು. ಇವನು ವಾರದೊಳಗೆ ಅಮ್ಮ ಅಂದ. ಅವಳು ಇವತ್ತಿಗೂ ಚಿಕ್ಕಮ್ಮ ಅನ್ನುತ್ತಾಳೆ. ಅನ್ನಲಿ, ನಾನು ಕೇಳಿಲ್ಲ. ಆದರೆ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಪಾಪುವನ್ನೂ ತನ್ನ ಕಡೆಗೇ ಎಳೆದುಕೊಂಡಿದ್ದಾಳೆ. ರಾತ್ರಿ ಅವಳ ಪಕ್ಕದಲ್ಲೇ ಮಲಗಬೇಕು, ಅವಳೇ ಜಡೆ ಹಾಕಬೇಕು. ಎಲ್ಲರನ್ನೂ ಕೈಗೆ ಹಾಕಿಕೊಂಡು ಒಂದು ದಿನ ಗಂಟು ಕಟ್ಟಿದರೆ? ಇವತ್ತು ಅವಳು, ನಾಳೆ ಅಕ್ಕನ ಹಿಂದೆ ದೀಪಕ್. ಊರವರು ಏನಂತಾರೆ? ಆಶಾರಾಣಿ ಮಲಮಕ್ಕಳನ್ನು ಓಡಿಸಿದಳು ಅಂತಾರೆ. ಆರು ವರ್ಷ ಬೇಯಿಸಿ ಹಾಕಿದ್ದು ಯಾರಿಗೂ ಕಾಣುವುದಿಲ್ಲ.

ಏಪ್ರಿಲ್ ೨೪, ಶುಕ್ರವಾರ

ಬಜಾರಿಗೆ ಹೋಗಿ ಚಿಕ್ಕದೊಂದು ಮೊರ ತಂದೆ. ಕಪಿಲೆ ತುಂಬಿ ಬಂದಾಗ ಪ್ರತಿವರ್ಷ ಬಾಗಿನ ಕೊಡುತ್ತೇನೆ, ಅದರಲ್ಲೇನೂ ವಿಶೇಷವಿಲ್ಲ. ಈ ಸಲ ಸಮುದ್ರದ ಮೇಲೇ ಹೋಗುತ್ತಿರುವಾಗ ಗಂಗಮ್ಮನಿಗೆ ಬರಿಗೈಯಲ್ಲಿ ಮುಖ ತೋರಿಸುವುದು ಹೇಗೆ? ಅರಿಶಿನ, ಕುಂಕುಮ, ಬಳೆ, ಕರಿಮಣಿ, ಬಾಚಣಿಗೆ, ಅಕ್ಕಿ, ಬೇಳೆ, ಬೆಲ್ಲ, ಒಂದು ತೆಂಗಿನಕಾಯಿ. ಮೇಲೆ ಹೊದಿಸಲು ಕೆಂಪು ರವಿಕೆ ಕಣ.

ಹರಕೆಯನ್ನೂ ಹೊತ್ತುಕೊಂಡಿದ್ದೇನೆ. ಆ ಹುಡುಗಿ ನಮ್ಮ ಮನೆ ಬಿಟ್ಟು ಹೋಗದ ಹಾಗೆ ಮಾಡು ತಾಯಿ ಅಂತ. ಜನರ ಬಾಯಿಗೆ ಹೆದರಿ ಹೊತ್ತಿದ್ದು ಅಷ್ಟೇ. ಇವರಿಗೆ ಹೇಳಿಲ್ಲ, ಹೇಳಿದರೆ ನಗುತ್ತಾರೆ. ನಕ್ಕರೆ ನನಗೆ ಕೆಟ್ಟ ಕೋಪ ಬರುತ್ತದೆ.

ಏಪ್ರಿಲ್ ೨೭, ಸೋಮವಾರ, ಹಡಗು

ಹಡಗು ಅಂದರೆ ದೊಡ್ಡ ದೋಣಿ ಅಂದುಕೊಂಡಿದ್ದೆ. ಇದು ನಮ್ಮ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ನೀರಿಗೆ ಬಿಟ್ಟ ಹಾಗಿದೆ. ಇಷ್ಟು ಭಾರ ತೇಲುತ್ತದೆ ಅಂದರೆ ನಂಬುವುದು ಹೇಗೆ? ಸುಮ್ಮನೆ ನಂಬಿಕೊಂಡು ಸಾವಿರಾರು ಜನ ನಗುತ್ತಾ ಹತ್ತುತ್ತಿದ್ದಾರೆ.

ಹತ್ತುವ ಮೊದಲು ಚೀಲಗಳನ್ನೆಲ್ಲ ಮಿಷನ್ನಿನೊಳಗೆ ತೂರಿಸಿದರು. ತಪಾಸಣೆಯ ಹುಡುಗಿ ನನ್ನ ಮೊರ ಎತ್ತಿ ನೋಡಿ ನಕ್ಕು ಬಿಟ್ಟಳು, ತೆಂಗಿನಕಾಯಿ ಮಾತ್ರ ಕಿತ್ತುಕೊಂಡಳು. ಸಂಜೆ ಅವಳ ಮನೆಯಲ್ಲಿ ಚಟ್ನಿ ಆಗಿರುತ್ತದೆ, ಬೇಕಾದರೆ ಬರೆದುಕೊಡುತ್ತೇನೆ. ದೊಡ್ಡವಳು ಹಿಂದೆಯೇ ನಿಂತಿದ್ದಳು. "ಇದ್ಯಾಕೆ ತಂದ್ರಿ ಚಿಕ್ಕಮ್ಮ?" ಅಂದಳು. "ಸುಮ್ನೆ" ಅಂದೆ. ಅವಳೂ ಸುಮ್ಮನಾದಳು. ಈ ಹುಡುಗಿ ಸುಮ್ಮನಾದರೇ ನನಗೆ ಭಯ.

ಪ್ರತಿ ಕೋಣೆಯಲ್ಲೂ ಒಬ್ಬರು ದೊಡ್ಡವರು ಇರಲೇಬೇಕಂತೆ. ಒಂದರಲ್ಲಿ ಇವರು ಮತ್ತು ದೀಪಕ್. ಇನ್ನೊಂದರಲ್ಲಿ ನಾನು, ಅವಳು, ಪಾಪು. ಒಳ್ಳೆಯದೇ ಆಯಿತು, ಕಣ್ಣೆದುರಿಗಿರುತ್ತಾಳೆ.

ಹತ್ತಿ ಇನ್ನೂ ಬೆವರು ಆರಿಲ್ಲ, ಮುಳುಗಿದರೆ ಏನು ಮಾಡಬೇಕು ಅಂತ ಪಾಠ ಶುರು. ಎಲ್ಲರನ್ನೂ ಕೆಳಗಿನ ನಾಟಕದ ಹಾಲಿಗೆ ಕರೆದು, ಕಿತ್ತಳೆ ಬಣ್ಣದ ಜಾಕೆಟ್ಟು ಹಾಕುವುದು ತೋರಿಸಿದರು. ಪೂರ್ತಿ ಇಂಗ್ಲಿಷು, ನಡುನಡುವೆ ಹಿಂದಿ. ದೊಡ್ಡವಳು ಪರೀಕ್ಷೆಗೆ ಕೂತವಳ ಹಾಗೆ ಕೇಳಿಸಿಕೊಂಡು, "ಸೈರನ್ ಆದ್ರೆ ಯಾರನ್ನೂ ಹುಡುಕ್ತಾ ನಿಲ್ಲಬಾರ್ದಂತೆ. ಹತ್ರ ಇರೋ ಮಕ್ಕಳನ್ನ ಕರ್ಕೊಂಡು ನೆಟ್ಟಗೆ ಈ ಹಾಲ್‌ಗೇ ಬರ್ಬೇಕಂತೆ" ಅಂತ ನಮಗೆ ಹೇಳಿದಳು. ಮಕ್ಕಳನ್ನು ಹುಡುಕದೆ ಹಾಲಿಗೆ ಬಂದು ಕೂರುವ ತಾಯಿ ಯಾವಳು? ನಾನು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಏಪ್ರಿಲ್ ೨೮, ಮಂಗಳವಾರ

ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ತಲೆ ಎತ್ತಿದರೆ ಕೋಣೆ ತಿರುಗುತ್ತದೆ. ಇವರು ಬಂದು ನೋಡಿ, "ಎಲ್ಲಾ ಡೀಲರ್ ಹೆಂಡ್ರೂ ಮೇಲೆ ಡ್ಯಾನ್ಸ್ ಮಾಡ್ತಾವ್ರೆ, ನೀನು ಮಲ್ಕಂಡಿದ್ದೀಯಲ್ಲೇ" ಅಂದು ಹೋದರು. ಎಂಥ ಗಂಡ!

ದೊಡ್ಡವಳು ಎಲ್ಲಿಂದಲೋ ನಿಂಬೆಹಣ್ಣು, ಶುಂಠಿ ತಂದಳು. ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಬಕೆಟ್ಟು ತೊಳೆದಳು. ಮುಖ ಸಿಂಡರಿಸಲಿಲ್ಲ, ಅದನ್ನು ಒಪ್ಪಬೇಕು. ಆದರೆ ಯಾಕೆ ಇಷ್ಟು ಉಪಚಾರ? ಹೋಗುವವರು ಹೋಗುವ ಮೊದಲು ಹೀಗೇ ಒಳ್ಳೆಯವರಾಗುತ್ತಾರೆ. ನಾಳೆ "ನಾನು ಏನು ಕಮ್ಮಿ ಮಾಡಿದ್ದೆ" ಅನ್ನಲು ದಾರಿ ಮಾಡಿಕೊಳ್ಳುತ್ತಿದ್ದಾಳೆ.

ಮಧ್ಯಾಹ್ನ ಗಾಢವಾಗಿ ನಿದ್ದೆ ಬಂತು. ಎದ್ದಾಗ ನನ್ನ ಕೈ ಅವಳ ಕೈಯೊಳಗಿತ್ತು. ಪಾಪುವಿನದು ಅಂದುಕೊಂಡಿದ್ದೆ.

ಏಪ್ರಿಲ್ ೨೯, ಬುಧವಾರ

ಈ ಹಡಗಿನವರ ಮೇಲೂ ನಂಬಿಕೆ ಇಲ್ಲ. ಊಟ ಮುಗಿಸಿ ಬಂದರೆ ಮಂಚದ ಮೇಲೆ ಟವೆಲಿನಲ್ಲಿ ಮಾಡಿದ ಆನೆ ಕೂತಿದೆ! ಬಾಗಿಲು ಹಾಕಿಕೊಂಡೇ ಹೋಗಿದ್ದೆ. ಮಕ್ಕಳು ಚಪ್ಪಾಳೆ ತಟ್ಟಿದರು, ನಾನು ಮೊದಲು ಬ್ಯಾಗಿನ ಜಿಪ್ಪು ನೋಡಿದೆ. ಬಾಗಿನ ಇತ್ತು. ದೊಡ್ಡವಳು ನಗುತ್ತಾ, "ಕೋಣೆ ಕ್ಲೀನ್ ಮಾಡೋರು ಮಾಡಿಟ್ಟಿದ್ದು ಚಿಕ್ಕಮ್ಮ, ಕಳ್ಳರು ಆನೆ ಮಾಡಿಟ್ಟು ಹೋಗ್ತಾರಾ?" ಅಂದಳು. ನನಗೂ ನಗು ಬಂತು. ಯಾಕೆ ಬಂತೋ.

ಮಕ್ಕಳು ಮೂರು, ದಾರಿ ಮೂರು. ದೀಪಕ್‌ನಿಗೆ ಮೇಲಿಂದ ಜಾರುವ ನೀರಿನ ಜಾರುಬಂಡೆ. ಪಾಪುವಿಗೆ ಮೊಣಕಾಲುದ್ದದ ಕೊಳ. ದೊಡ್ಡವಳಿಗೆ ಚಿಕ್ಕ ಮಕ್ಕಳ ಆಟದ ಕೋಣೆಗೂ ವಯಸ್ಸು ಮೀರಿದೆ, ದೊಡ್ಡವರ ಹಾಡು ಕುಣಿತಕ್ಕೂ ವಯಸ್ಸು ಸಾಲದು. ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಪಾಪುವನ್ನು ಹಿಡಿದುಕೊಂಡು ಇಡೀ ದಿನ ಕೂತಿದ್ದಳು. ಮೈಸೂರಿನ ಡೀಲರೊಬ್ಬರ ಹೆಂಡತಿ ಚೈತ್ರ ನನ್ನ ಪಕ್ಕ ಕೂತು, "ಎಷ್ಟು ಚೆನ್ನಾಗಿ ನೋಡ್ಕೋತಾಳ್ರೀ ನಿಮ್ಮ ಮಗಳು" ಅಂದಳು. ಇವರ ಮೊದಲನೇ ಹೆಂಡತಿಯ ಮಗಳು ಅಂತ ಹೇಳಬೇಕಿತ್ತು. ಬಾಯಲ್ಲಿ ಐಸ್‌ಕ್ರೀಮು ಇತ್ತು, ಹೇಳಲಿಲ್ಲ.

ಸಂಜೆ ವಿಶಾಖಪಟ್ಟಣದ ಹತ್ತಿರ ಫೋನಿಗೆ ಸಿಗ್ನಲ್ ಸಿಕ್ಕಿದ್ದೇ ತಡ, ಅವಳು ರೇಲಿಂಗಿನ ಹತ್ತಿರ ಓಡಿದಳು. ಕವಲಂದೆಗೇ. "ಇಲ್ಲ ಮಾವ" ಅಂದದ್ದಷ್ಟೇ ಕೇಳಿಸಿತು. ಗಾಳಿ.

ಏಪ್ರಿಲ್ ೩೦, ಗುರುವಾರ

ರಾತ್ರಿ ಬಹಳವಾಯಿತು. ಆದರೂ ಬರೆಯುತ್ತೇನೆ, ಬರೆಯದಿದ್ದರೆ ಎದೆ ಒಡೆದುಹೋಗುತ್ತದೆ.

ಊಟ ಆದ ಮೇಲೆ ಇವರೂ ದೀಪಕ್ಕೂ ಜಾರುಬಂಡೆಗೆ ಹೋದರು. ಪಾಪು ಕೋಣೆಯಲ್ಲಿ ಮಲಗಿದ್ದಳು, ಕೆಂಪು ಫ್ರಾಕು ಹಾಕಿದ್ದಳು. "ಪಾಪೂನ ನೋಡ್ಕೊಂಡಿರು, ಬಂದೆ" ಅಂತ ದೊಡ್ಡವಳಿಗೆ ಹೇಳಿ, ಮೊರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎಲ್ಲಕ್ಕಿಂತ ಮೇಲಿನ ಅಂತಸ್ತಿಗೆ ಹತ್ತಿದೆ. ಹಿಂಭಾಗದಲ್ಲಿ ಒಬ್ಬರೂ ಇರಲಿಲ್ಲ. ಎತ್ತ ನೋಡಿದರೂ ನೀರು. ಕಪಿಲೆ, ಕಾವೇರಿ ಎಲ್ಲ ಕೊನೆಗೆ ನಿನ್ನ ಮಡಿಲಿಗೇ ಬರುತ್ತಾರೆ ತಾಯಿ, ನನ್ನದನ್ನೂ ತೆಗೆದುಕೋ, ಆ ಹುಡುಗಿಯನ್ನು ನಮ್ಮ ಮನೆಯಲ್ಲೇ ಉಳಿಸು ಅಂತ ಬೇಡಿಕೊಂಡು ಮೊರವನ್ನು ಬಿಟ್ಟೆ. ನಮ್ಮ ಹೊಳೆಯಾದರೆ ಮೆಟ್ಟಿಲಿಳಿದು, ನೀರು ಮುಟ್ಟಿ, ಮೆಲ್ಲಗೆ ತೇಲಿ ಬಿಡುತ್ತೇವೆ. ಇಲ್ಲಿ ನೀರು ಪಾತಾಳದಲ್ಲಿದೆ. ಗಾಳಿಗೆ ಮೊರ ತಲೆಕೆಳಗಾಯಿತು, ಕೆಂಪು ರವಿಕೆ ಕಣ ಬಿಚ್ಚಿಕೊಂಡು ಹಾರುತ್ತಾ ಕೆಳಗೆ ಹೋಯಿತು. ಯಾರಾದರೂ ನೋಡಿಯಾರೆಂದು ಬಿರಬಿರನೆ ಮೆಟ್ಟಿಲಿಳಿದೆ.

ಎರಡು ಅಂತಸ್ತು ಇಳಿದಿರಬೇಕು, ಸೈರನ್ ಕೂಗಿತು. ಏನೇನೋ ಇಂಗ್ಲಿಷಿನಲ್ಲಿ ಮೈಕಿನಲ್ಲಿ ಹೇಳಿದರು. ಜನ ಓಡತೊಡಗಿದರು. ಚೈತ್ರ ಎದುರಿಗೆ ಬಂದಳು, ಮುಖ ಬಿಳಿಚಿಕೊಂಡಿತ್ತು. "ಮಗು ಬಿತ್ತಂತೆ ಕಣ್ರೀ! ಮೇಲಿಂದ! ಕೆಳಗಿನ ಬಾಲ್ಕನಿಯೋರು ನೋಡಿದ್ರಂತೆ, ಕೆಂಪು ಫ್ರಾಕಿನ ಮಗು!"

ಕೆಂಪು ಫ್ರಾಕು ಅಂದಳು. ನನ್ನ ಕೈಯಿಂದಲೇ ಈಗತಾನೇ ಕೆಂಪು ಬಟ್ಟೆ ಬಿದ್ದಿದೆ, ಅದು ಹೊಳೆಯಬೇಕು ತಾನೇ? ಹೊಳೆಯಲಿಲ್ಲ. ಪಾಪು ಅನ್ನುವುದೊಂದೇ ತಲೆಯಲ್ಲಿ.

ಓಡಿದೆ. ಕೋಣೆ ಬಾಗಿಲು ತೆರೆದಿತ್ತು. ಮಂಚ ಖಾಲಿ. ಬಚ್ಚಲು ಖಾಲಿ. ಪಾಪು ಇಲ್ಲ. ಪಾಪೂ ಪಾಪೂ ಅಂತ ಆ ಉದ್ದದ ಓಣಿಯಲ್ಲಿ ಕಿರುಚಿಕೊಂಡು ಓಡಿದೆ. ಸಿಕ್ಕ ಬಾಗಿಲೆಲ್ಲ ಬಡಿದೆ. ಬಿಳಿ ಸಮವಸ್ತ್ರದ ಒಬ್ಬ ನನ್ನ ಭುಜ ಹಿಡಿದು ಕೆಳಗೆ ಹೋಗಿ ಅಂತ ಕೈ ತೋರಿಸಿದ, ಅವನನ್ನು ನೂಕಿದೆ. ಪಾಪು ಇಲ್ಲದೆ ಎಲ್ಲಿಗೆ ಹೋಗಲಿ? ಇವರು ಒದ್ದೆ ಬಟ್ಟೆಯಲ್ಲೇ ದೀಪಕ್‌ನನ್ನು ಎಳೆದುಕೊಂಡು ಬಂದರು. "ಗೌತಮಿ ಎಲ್ಲಿ?" ಅಂತ ದೊಡ್ಡವಳ ಹೆಸರೆತ್ತಿದರು. ಪಾಪು ಎಲ್ಲಿ ಅಂತ ಕೇಳಲಿಲ್ಲ, ನನಗೆ ಮೈಯೆಲ್ಲ ಉರಿದುಹೋಯಿತು. ಇಬ್ಬರೂ ನನ್ನ ರಟ್ಟೆ ಹಿಡಿದು ಕೆಳಗಿನ ಹಾಲಿಗೆ ಎಳೆದುಕೊಂಡು ಹೋದರು. ಬಾಗಿಲಲ್ಲೇ ನಿಂತು ನಾನು ಕೂಗಿದೆ.

"ಅವಳ ಕೈಲೇ ಕೊಟ್ಟು ಓಗಿದ್ದೆ! ಅವಳೇ ಏನೋ ಮಾಡವ್ಳೆ! ಓಗೋವ್ಳು ಒಬ್ಳೇ ಓಗ್ಬಾರ್ದಾಗಿತ್ತಾ, ನನ್ನ ಮಗೀನ ಯಾಕೆ ತಕ್ಕೊಂಡೋದ್ಲು!"

ಹಾಲಿನಲ್ಲಿದ್ದ ಅಷ್ಟೂ ಕುಟುಂಬ ನನ್ನ ಕಡೆ ತಿರುಗಿತು. ಮೊದಲನೇ ಸಾಲಿನಲ್ಲಿ ಅವಳು ನಿಂತಿದ್ದಳು. ಎಣಿಸುವವನಿಗೆ ಕಾಣಲಿ ಅಂತ ಒಂದು ಕೈ ಎತ್ತಿಕೊಂಡು. ಇನ್ನೊಂದು ಕೈಯಲ್ಲಿ, ಸೊಂಟದ ಮೇಲೆ, ಪಾಪು. ಪಾಪುವಿಗೆ ಕಿತ್ತಳೆ ಜಾಕೆಟ್ಟು ಹಾಕಿದ್ದಳು, ತಾನು ಹಾಕಿಕೊಂಡಿರಲಿಲ್ಲ. ನಾನು ಹೇಳಿದ್ದು ಒಂದಕ್ಷರ ಬಿಡದೆ ಕೇಳಿಸಿತ್ತು. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಪಾಪುವನ್ನು ಕಿತ್ತುಕೊಂಡೆ. ಮೂಸಿದೆ, ಅತ್ತೆ. ಅವಳ ಎತ್ತಿದ ಕೈ ಇನ್ನೂ ಎತ್ತಿದ ಹಾಗೇ ಇತ್ತು.

ಆಮೇಲಿನದು ಇನ್ನೊಂದು ಮರ್ಯಾದೆಗೇಡು. ಹಡಗು ನಿಲ್ಲಿಸಿದ್ದರು. ತಲೆ ಎಣಿಸಿದರೆ ಯಾರೂ ಕಮ್ಮಿ ಇಲ್ಲ. ಕ್ಯಾಮರಾ ನೋಡಿದರೆ ನಾನು! ಮೊರ ಹಿಡಿದು, ಕಣ್ಣು ಮುಚ್ಚಿ, ನಿಂತಿದ್ದೇನೆ. ಅಧಿಕಾರಿಯ ಕೋಣೆಗೆ ಕರೆಸಿದರು. ಕಂಪನಿಯ ಮದನ್ ಸಾರ್ "ಏನ್ ಮೇಡಂ ಇದು, ನಮ್ಮ ಹೆಸರು..." ಅಂತ ತಲೆ ಮೇಲೆ ಕೈ ಇಟ್ಟುಕೊಂಡರು. ಅಧಿಕಾರಿಗೆ ಕನ್ನಡ ಬಾರದು. ನಮ್ಮವರ ಇಂಗ್ಲಿಷು ಪೈಪಿನ ಅಳತೆ ದಾಟುವುದಿಲ್ಲ. ಮಾತು ತಿರುಗಿಸಿ ಹೇಳಲು ದೊಡ್ಡವಳನ್ನೇ ಕರೆಯಬೇಕಾಯಿತು. ಬಂದಳು. ನನ್ನ ಪಕ್ಕದಲ್ಲೇ ನಿಂತಳು. ಹೊಳೆಗೆ ಬಾಗಿನ ಕೊಡುವುದು, ಮೊರ, ಬಳೆ, ರವಿಕೆ ಕಣ, ಎಲ್ಲ ನಿಧಾನವಾಗಿ ಬಿಡಿಸಿ ಹೇಳಿದಳು. ಅವಳು ಹೇಳುವಾಗ ಅದು ಗೌರವದ ವಿಷಯದ ಹಾಗೆ ಕೇಳಿಸಿತು.

ಅಧಿಕಾರಿ ಏನೋ ಕೇಳಿದರು. ಅವಳು ನನ್ನ ಕಡೆ ನೋಡದೆ, "ಏನಕ್ಕೆ ಕೊಟ್ರಿ ಅಂತ ಕೇಳ್ತಿದ್ದಾರೆ" ಅಂದಳು.

"ಏನಕ್ಕಾದ್ರೂ ಕೊಡ್ತೀನಿ" ಅಂದೆ.

"ಹೇಳ್ಬೇಕಂತೆ ಚಿಕ್ಕಮ್ಮ."

"ನೀನು ಕವಲಂದೆಗೆ ಓಗ್ಬುಡ್ತೀಯಾ ಅಂತ ಕೊಟ್ಟೆ! ನೀ ಮನೇಲೇ ಇರ್ಬೇಕು ಅಂ‍ತ! ಸಾಕಾ?"

ಜಗಳ ಆಡುವ ಹಾಗೆ ಅಂದುಬಿಟ್ಟೆ. ನನಗೆ ಮಾತು ಬರುವುದೇ ಹಾಗೆ. ಅವಳು ಮೇಜಿನ ಅಂಚನ್ನು ನೋಡುತ್ತಾ ಇಂಗ್ಲಿಷಿನಲ್ಲಿ ಬೇರೆ ಏನೋ ಚಿಕ್ಕದಾಗಿ ಹೇಳಿದಳು. ಫ್ಯಾಮಿಲಿ ಅನ್ನುವ ಪದ ಮಾತ್ರ ನನಗೆ ತಿಳಿಯಿತು. ಅಧಿಕಾರಿ ಸಹಿ ಹಾಕಿಸಿಕೊಂಡು, ಇನ್ನೊಮ್ಮೆ ಹೀಗೆ ಮಾಡಬೇಡಿ ಅಂತ ಕಳಿಸಿದರು.

ಮೇ ೧, ಶುಕ್ರವಾರ

ಹಡಗು ಇಳಿದೆವು. ರೈಲಿನಲ್ಲಿ ಅವಳು ಪಾಪುವಿಗೆ ಇಡ್ಲಿ ತಿನ್ನಿಸಿದಳು, ದೀಪಕ್‌ನ ಜೊತೆ ಮಾತಾಡಿದಳು. ನನಗೆ ಬೆನ್ನು ಕೊಟ್ಟು ಮಲಗಿದಳು.

ಮೇ ೪, ಸೋಮವಾರ

ಹೋದಳು.

ಬೆಳಿಗ್ಗೆ ಎದ್ದಾಗಲೇ ಬಟ್ಟೆ ಮಡಚುತ್ತಿದ್ದಳು. ಇವರು "ಅಜ್ಜಿ ಮನೆ ತಾನೇ, ನಾಲ್ಕು ದಿನ ಇದ್ದು ಬರ್ಲಿ ಬುಡು" ಅಂತ ಕಣ್ಣು ಒರೆಸಿಕೊಳ್ಳುತ್ತಾ ಅಂಗಡಿಗೆ ಹೋದರು. ಬ್ಯಾಗಿನ ಗಾತ್ರ ನೋಡಿದರೆ ನಾಲ್ಕು ದಿನದ್ದಲ್ಲ. ನನಗೆ ಸಿಟ್ಟು ಬಂತು. ನಾನು ಮೊದಲೇ ಅಂದುಕೊಂಡ ಹಾಗೇ ಆಯಿತಲ್ಲ! "ಆವತ್ತು ಭಯದಲ್ಲಿ ಏನೋ ಅಂದ್ಬುಟ್ಟೆ, ಅದನ್ನೇ ಇಡ್ಕೊಂಡು ಓಗ್ತೀಯಾ? ಮಗು ಬಿತ್ತು ಅಂದ್ರೆ ಯಾವ ತಾಯಿ ಬುದ್ಧಿ ನೆಟ್ಟಗಿರ್ತದೆ?" ಅಂದೆ.

ಅವಳು ಜಿಪ್ಪು ಎಳೆದಳು. "ಅಂದಿದ್ದಕ್ಕಲ್ಲ ಚಿಕ್ಕಮ್ಮ. ಆವತ್ತು ಇಬ್ರು ಕಾಣಿಸ್ತಿರ್ಲಿಲ್ಲ. ನೀವು ಒಬ್ಳನ್ನೇ ಕೂಗಿದ್ರಿ" ಅಂದಳು.

ಅಷ್ಟೇ. ಅಳಲಿಲ್ಲ, ದನಿ ಏರಿಸಲಿಲ್ಲ. ಪಾಪುವಿಗೆ ಮುತ್ತು ಕೊಟ್ಟು ಬಸ್ಸು ಹತ್ತಲು ಹೋದಳು. ಹೋಗಿ ಬರುತ್ತೀನಿ ಅನ್ನಲಿಲ್ಲ, ಹೋಗ್ತೀನಿ ಅಂದಳು.

ಈಗ ಹಿಂದಿನ ಪುಟ ತೆಗೆದು ನೋಡಿದೆ. ಪುಟದ ತುಂಬ ಪಾಪು, ಪಾಪು. ಮಂಚ ಖಾಲಿ, ಪಾಪು ಇಲ್ಲ ಅಂತ ಬರೆದಿದ್ದೇನೆ. ಅದೇ ಮಂಚದ ಅಂಚಿನಲ್ಲಿ ಕೂತಿರಬೇಕಾದ ಇನ್ನೊಬ್ಬಳೂ ಇರಲಿಲ್ಲ. ಅವಳು ನೀರಿಗೆ ಬಿದ್ದಿದ್ದರೆ? ಮಗುವನ್ನು ಹಿಡಿಯಲು ಹೋಗಿ ಜಾರಿದ್ದರೆ? ಆ ಯೋಚನೆ ನನಗೆ ಬರಲೇ ಇಲ್ಲ. ಬೇರೆಲ್ಲ ಯೋಚನೆ ಬಂತು. ಗೌತಮಿ ಹೇಳಿದ್ದು ಸರಿ, ನನಗೆ ನಾಚಿಕೆಯಾಗುತ್ತಿದೆ.

ಮೇ ೬, ಬುಧವಾರ

ಪಾಪು ಮಲಗಲಿಲ್ಲ. ಅಕ್ಕ, ಅಕ್ಕ.

ಮೇ ೮, ಶುಕ್ರವಾರ

ಪಾಪುವನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ಕವಲಂದೆ ಬಸ್ಸು ಹತ್ತಿದೆ.

ಅವಳ ಅಜ್ಜಿ ಮಂಗಳಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ತಮ್ಮ ಮಗಳ ಜಾಗಕ್ಕೆ ಬಂದವಳು ನಾನು, ಎಂದೂ ಈ ಮನೆಗೆ ಒಬ್ಬಳೇ ಬಂದವಳಲ್ಲ. ಬೈಯಲಿ ಅಂತಲೇ ಹೋಗಿದ್ದೆ. ಅವರು, "ಬಾ ಮಗಾ, ಈ ಬಿಸ್ಲಲ್ಲಿ ಬಂದ್ಯಲ್ಲ" ಅಂತ ಪಕ್ಕದಲ್ಲೇ ಕೂರಿಸಿಕೊಂಡು ನೀರು ಕೊಟ್ಟರು. ಬೆಟ್ಟಸ್ವಾಮಿ ಹೊಲಕ್ಕೆ ಹೋಗಿದ್ದನಂತೆ.

"ಒಂದು ಮಾತ್ ಕೇಳ್ತೀನಿ ಕಣವ್ವ, ಬೇಜಾರ್ ಮಾಡ್ಕಬ್ಯಾಡ" ಅಂದರು. "ನನ್ ಮಗ ಬಾ ಬಾ ಅಂತ ಕರ್ದಾಗೆಲ್ಲಾ ಈ ಗೌತಮಿ, ನಾ ಬರಾಕಿಲ್ಲ, ಪಾಪು ನನ್ ಬುಟ್ಟು ಮನಿಕ್ಕಳಾಕಿಲ್ಲ ಅಂತಿದ್ಲು. ಮಾವ ನೊಂದ್ಕತ್ತನೆ, ಈಗ್ಲೇ ಏಳ್ಬ್ಯಾಡ ಅಜ್ಜಿ, ಅಡಗಿಂದ ಬಂದ್ಮ್ಯಾಕೆ ನಾನೇ ಏಳ್ತೀನಿ ಅಂದಿದ್ಲು. ಈಗ ನೋಡುದ್ರೆ ಗಂಟು ಕಟ್ಕ ಬಂದವ್ಳೆ. ಕೇಳುದ್ರೆ ಬಾಯ್ ಬುಡಾಕಿಲ್ಲ. ಅಲ್ಲೇನ್ ನಡೀತವ್ವ?"

ಟ್ಯಾಂಕಿನ ಹಿಂದೆ ನಿಂತು ಹೇಳಿದ್ದು ಅದು. ರೇಲಿಂಗಿನ ಹತ್ತಿರ "ಇಲ್ಲ ಮಾವ" ಅಂದದ್ದು ಅದು. ಬರುವುದಿಲ್ಲ ಅನ್ನುತ್ತಿದ್ದವಳನ್ನು ನಾನೇ ಕೈ ಹಿಡಿದು ಇಲ್ಲಿಗೆ ತಂದು ಬಿಟ್ಟೆ. ನೀರಿನ ಲೋಟ ಕೆಳಗಿಟ್ಟು ಎದ್ದೆ. "ಅವಳೆಲ್ಲಿ?" ಅಂದೆ. "ಇಲ್ಲೇ ಎಲ್ಲೋ ಓದ್ಲು, ಬತ್ತಾಳೆ ಕೂತ್ಕೊ" ಅಂದರು. ಕೂರಲಿಲ್ಲ. ಬೀದಿಗೆ ಇಳಿದೆ.

ಎತ್ತ ಹೋಗಬೇಕೆಂದು ತಿಳಿಯಲಿಲ್ಲ. ನೆತ್ತಿಯ ಮೇಲೆ ಬಿಸಿಲು, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. "ಗೌತಮಿ" ಅಂದೆ. ನನಗೇ ಕೇಳಿಸಲಿಲ್ಲ. ಆರು ವರ್ಷದಲ್ಲಿ ಈ ಹೆಸರನ್ನು ಗಟ್ಟಿಯಾಗಿ ಕೂಗಿದ್ದೇ ನೆನಪಿಲ್ಲ. ಬಾರೇ, ಕೇಳೇ, ನಿಮ್ಮ ಮಗಳು, ಇಷ್ಟರಲ್ಲೇ ನಡೆದುಹೋಗಿದೆ. ಇನ್ನೊಮ್ಮೆ ಕೂಗಿದೆ. ಮತ್ತೊಮ್ಮೆ, ಗಂಟಲು ಹರಿಯುವ ಹಾಗೆ. "ಗೌತಮೀ! ಏ ಗೌತಮೀ!"

ಮನೆಗಳಿಂದ ತಲೆಗಳು ಹೊರಗೆ ಬಂದವು. ಯಾರೋ ಟಿವಿ ಆರಿಸಿದರು. ನಾನು ನಿಲ್ಲಿಸಲಿಲ್ಲ.

ಹಿಟ್ಟಿನ ಗಿರಣಿಯ ಕಡೆಯಿಂದ ಅವಳು ಓಡಿ ಬಂದಳು. ಕಂಕುಳಲ್ಲಿ ರಾಗಿ ಹಿಟ್ಟಿನ ಡಬ್ಬ, ಮುಚ್ಚಳ ಹಾರಿಹೋಗಿ ಹಿಟ್ಟು ಚೆಲ್ಲುತ್ತಿದೆ, ಕೂದಲಿಗೆಲ್ಲ ಮೆತ್ತಿದೆ. ಕಣ್ಣಲ್ಲಿ ಜೀವ ಇರಲಿಲ್ಲ. ಬಂದವಳೇ ನನ್ನ ಎರಡೂ ತೋಳು ಹಿಡಿದು, "ಪಾಪುಗೆ ಏನಾಯ್ತು? ಪಾಪು ಎಲ್ಲಿ ಚಿಕ್ಕಮ್ಮ?" ಅಂದಳು.

"ಪಾಪುಗೆ ಏನೂ ಆಗಿಲ್ಲ. ಮನೇಲವ್ಳೆ."

"ಮತ್ತೆ ಯಾಕೆ ಹಂಗೆ ಕೂಗಿದ್ರಿ?"

"ನೀ ಕಾಣಿಸ್ಲಿಲ್ಲ. ಅದಕ್ಕೆ ಕೂಗ್ದೆ."

ಅವಳು ನನ್ನ ತೋಳು ಬಿಡಲಿಲ್ಲ. ನಾನು ಅತ್ತೆ, ಬೀದಿಯಲ್ಲೇ, ನಾಚಿಕೆ ಇಲ್ಲದೆ. "ಊರೋರೆಲ್ಲ ನೋಡ್ತಾವ್ರೆ" ಅಂದಳು ಕೊನೆಗೆ. ನೋಡಲಿ ಅಂದೆ. "ಹಿಟ್ಟು ಚೆಲ್ತಾ ಇದೆ, ಡಬ್ಬ ಹಿಡ್ಕೊಳ್ಳಿ" ಅಂದಳು. ಹಿಡಿದುಕೊಂಡೆ. ಅವಳು ಸೀದಾ ನನ್ನ ಸೆರಗಿನಲ್ಲೇ ಮುಖ ಒರೆಸಿಕೊಂಡಳು.

ಜೊತೆಗೆ ಬರಲಿಲ್ಲ. "ಇವತ್ತು ಬರಲ್ಲ. ನನಗೆ ಇನ್ನೂ ಕೋಪ ಇದೆ" ಅಂದಳು. ಇರಲಿ ಅಂದೆ. ಬಸ್ ಸ್ಟಾಪಿನವರೆಗೂ ಬಂದು, ನಾನು ಹತ್ತಿದ ಮೇಲೆ ಕಿಟಕಿಯ ಹತ್ತಿರ ನಿಂತು, "ಭಾನುವಾರ ಬರ್ತೀನಿ. ಪಾಪುಗೆ ಹೇಳಿ" ಅಂದಳು.

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ತುತ್ತು ಕೈಯಲ್ಲೇ ಹಿಡಿದುಕೊಂಡು, "ದಿಟವಾಗ್ಲೂ ಬತ್ತಾಳೇನೇ? ಸುಮ್ನೆ ನಿನ್ನ ಕಳ್ಸಾಕೆ ಅಂಗಂದ್ಲೋ ಏನೋ" ಅಂದರು. ಯಾಕೆ ಬರುವುದಿಲ್ಲ, ಬರುತ್ತೀನಿ ಅಂದಿದ್ದಾಳಲ್ಲ ಅಂತ ರೇಗಿದೆ. ಈ ಮನುಷ್ಯನಿಗೆ ಎಲ್ಲದರಲ್ಲೂ ಅನುಮಾನ.